ಹುರುಳಿ ಕಟ್ಟು

ಗೌರಿ, ನೀನು ಕುಡಿದದ್ದು ಹುರುಳಿ ಕಟ್ಟು. ಡಾಕ್ಟರು ನಿನಗೆಂದು ಮಾಡಿಸಿದ ಮಾಂಸದ ರಸವಲ್ಲ. ನಮ್ಮ ಮನೆಯಲ್ಲಿ ಮೇಲಿಂದ ಮೇಲೆ ಮಾಡುತ್ತಿದ್ದ, ರೊಟ್ಟಿಯ ಜೊತೆ ನೀನೇ ಕೇಳಿ ಹಾಕಿಸಿಕೊಳ್ಳುತ್ತಿದ್ದ ಹುರುಳಿ ಕಟ್ಟು. ಅದಕ್ಕೆ ಮೆಣಸು ಕುಟ್ಟಿ ಹಾಕಿ, ಮೇಲೆ ತುಪ್ಪ ತೇಲಿಸಿ, ಲಿಂಗಸುಗೂರಿನ ದವಾಖಾನೆಯಲ್ಲಿ ಪರದೆಯ ಹಿಂದೆ ಕೂತು ನಿನ್ನ ಬಾಯಿಗೆ ಹಿಡಿದವಳು ನಾನು. ನಿನ್ನ ಪಾಲಿನ ರಸವನ್ನು ದಿನವೂ ನಾಯಿಗೆ ಸುರಿದೆ. ನಾಯಿ ಮೈದುಂಬಿಕೊಂಡಿತು. ನೀನು ಸತ್ತೆ.

ಇದನ್ನು ನಾನು ಯಾರಿಗೂ ಹೇಳಲಿಲ್ಲ — ನಿನ್ನ ಮಗಳು ಬೆಳೆದು, ಮದುವೆಯಾಗಿ, ಬಸುರಿಯಾಗುವ ತನಕ. ಹೇಳುವ ಸಮಯ ಬರಲಿಲ್ಲ ಎನ್ನಲಾರೆ. ಸಮಯ ಮತ್ತೆ ಮತ್ತೆ ಬಂದು ನನ್ನೆದುರು ನಿಂತಿತ್ತು. ನಾನೇ ಬಾಯಿ ಮುಚ್ಚಿಕೊಂಡೆ.

ಮಸ್ಕಿಯ ಬಜಾರದಲ್ಲಿ ಬಟ್ಟೆಯಂಗಡಿ ಇದ್ದ ಆ ಮನೆಗೆ ನಾನು ಹಿರಿಯ ಸೊಸೆ. ನೀನು ನನ್ನ ಮೈದುನ ಮಹಾಂತಪ್ಪನ ಹೆಂಡತಿಯಾಗಿ ಬಂದೆ. ನಾನು ಆ ಹೊಸ್ತಿಲು ದಾಟಿ ಎಷ್ಟೋ ವರ್ಷಗಳಾಗಿದ್ದರೂ ನನ್ನ ಮಡಿಲು ತುಂಬಿರಲಿಲ್ಲ. ನೀನು ಬಂದ ಮರುವರ್ಷವೇ ಬಸುರಿಯಾದೆ. ಕುಬಸದ ದಿನ ನಿನಗೆ ಹಸಿರು ಸೀರೆ ಉಡಿಸಿ ಆರತಿ ಎತ್ತಿದವಳು ನಾನೇ. ನಗುತ್ತಲೇ ಎತ್ತಿದೆ. ಆ ನಗು ಸುಳ್ಳಾಗಿರಲಿಲ್ಲ ಎಂದು ಇಂದಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ — ಹೇಳಿಕೊಳ್ಳಬೇಕಾಗಿದೆ ಎಂದ ಮೇಲೆ...

ಬಸುರಿನಲ್ಲಿ ಅತ್ತೆ ನಿನ್ನ ತಟ್ಟೆಗೆ ಕಟ್ಟುನಿಟ್ಟು ಹಾಕಿದರು. "ಬಾಳ ಉಂಡ್ರ ಕೂಸು ದಪ್ಪಾಗತೈತಿ, ಹೆರಿಗಿ ಬಿಗಿ ಆಗತೈತಿ" ಎನ್ನುತ್ತಿದ್ದರು. ಹಾಲು ಕಫ, ಮೊಸರು ಶೀತ, ಸೊಪ್ಪು ತಂಪು. ಹೆರಿಗೆಯಾದ ಮೇಲಂತೂ ಒಣ ಅನ್ನಕ್ಕೆ ಮೆಣಸಿನ ಪುಡಿ, ಬೆಳ್ಳುಳ್ಳಿ; ನೀರು ಕೇಳಿದರೆ ಗುಟುಕೇ ಗುಟುಕು. ಮಾತು ಅತ್ತೆಯದು, ಬಡಿಸುವ ಕೈ ನನ್ನದು. ನೀನು ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸಿ ನೆಕ್ಕುವುದನ್ನು ನಾನು ನೋಡುತ್ತಿದ್ದೆ. ಇನ್ನೊಂದು ಸೌಟು ಹಾಕಬಹುದಿತ್ತು. ಹಾಕಲಿಲ್ಲ. ಮನೆಯ ಪದ್ಧತಿ, ನಾನ್ಯಾಕೆ ಮುರಿಯಲಿ ಎಂದುಕೊಂಡೆ.

ಹೆಣ್ಣು ಕೂಸು ಹುಟ್ಟಿತು. ತಿಂಗಳಾಗುವಷ್ಟರಲ್ಲಿ ನೀನು ಬೆಳ್ಳಗಾದೆ. ಮೊದಮೊದಲು ಓಣಿಯ ಹೆಂಗಸರು ಬಾಣಂತಿಗೆ ಬಣ್ಣ ಬಂದಿದೆ ಎಂದು ದೃಷ್ಟಿ ತೆಗೆದರು. ಆಮೇಲೆ ನಿನ್ನ ಪಾದ ಬಾತವು. ಪಡಸಾಲೆಯಿಂದ ಬಚ್ಚಲಿಗೆ ಹೋಗಿ ಬರುವುದರಲ್ಲಿ ಏದುಸಿರು. ನಾಲಿಗೆ ಸುಲಿದು ಕೆಂಪಗಾಗಿ, ಉಪ್ಪು ತಾಗಿದರೂ ಕಣ್ಣಲ್ಲಿ ನೀರು. ಎದೆಯ ಹಾಲು ಬತ್ತಿತು. ಕೂಸು ಅತ್ತು ಅತ್ತು ನನ್ನ ತೊಡೆಯ ಮೇಲೆ ನಿದ್ದೆ ಹೋಗುತ್ತಿತ್ತು. ಮಹಾಂತಪ್ಪ ಹೆದರಿ ಎತ್ತಿನ ಗಾಡಿ ಕಟ್ಟಿಸಿದ. ನಿನ್ನ ಜೊತೆ ನಾನು ಹೊರಟೆ. ಕೂಸು ನನ್ನ ಮಡಿಲಲ್ಲಿ. ಗಾಡಿ ಏರುವಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು.

"ಅಮರವ್ವ, ಅಲ್ಲಿ ಯಾರ್ಯಾರೋ ಇರತಾರ. ಕಂಡೋರ ಕೈಯಾಗಿನ ನೀರು ಸುದ್ದಾ ಕುಡಿಸಬ್ಯಾಡ. ಮನಿ ಮರ್ಯಾದಿ ನಿನ್ನ ಕೈಯಾಗ ಐತಿ."

ಬಹಳ ಕಾಲ ಈ ಮಾತನ್ನೇ ಹೊದ್ದುಕೊಂಡು ಕೂತಿದ್ದೆ ನಾನು. ಈಗ ಕಿತ್ತೆಸೆಯುತ್ತೇನೆ. ಅತ್ತೆ ನೀರಿನ ಮಾತು ಹೇಳಿದ್ದರು. ಮೋಸ ಮಾಡು ಎಂದಿರಲಿಲ್ಲ.

ದವಾಖಾನೆಯ ಡಾಕ್ಟರು ಹೈದರಾಬಾದಿನ ಕಡೆಯವರು, ವಯಸ್ಸಾದವರು. ಉರ್ದು ಬೆರೆತ ಕನ್ನಡ ಮಾತಾಡುತ್ತಿದ್ದರು. ನಿನ್ನ ಕಣ್ಣರೆಪ್ಪೆ ಎಳೆದು ನೋಡಿದರು. ನಾಲಿಗೆ ನೋಡಿದರು. ಉಗುರು ಒತ್ತಿ ಬಿಟ್ಟರು. ಆಮೇಲೆ ನನ್ನತ್ತ ತಿರುಗಿ, "ಬಸುರಿ ಇದ್ದಾಗ ಏನು ಉಣ್ಣಾಕ ಕೊಟ್ರಿ?" ಎಂದು ಕೇಳಿದರು. ನಾನು ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಮೈಯಾಗ ಖೂನ, ಅಂದ್ರ ರಕ್ತನ ಇಲ್ಲ ಅಮ್ಮಾ. ಇದಕ್ಕ ನನ್ನ ಅಲಮಾರಿಯಾಗ ದವಾ ಇಲ್ಲ. ಇದರ ದವಾ ಅಂದ್ರ ಊಟನ" ಎಂದರು.

ಆಡಿನ ಕಲೇಜಿ — ಅಂದರೆ ಯಕೃತ್ತು — ಅದನ್ನು ಅರೆಬೇಯಿಸಿ, ಅರೆದು, ರಸ ಮಾಡಿ ದಿನಕ್ಕೆ ಎರಡು ಹೊತ್ತು ಕುಡಿಸಬೇಕು. ಒಂದು ಹೊತ್ತೂ ತಪ್ಪಬಾರದು. ಹಾಲು, ಸೊಪ್ಪು ಏನು ಕೊಟ್ಟರೂ ಇದರ ಜಾಗ ತುಂಬುವುದಿಲ್ಲ ಎಂದರು. ನಾವು ಯಾರು, ಕೊರಳಲ್ಲಿ ಲಿಂಗ ಕಟ್ಟಿದವರು ಎಂಬುದು ಅವರಿಗೆ ಕಾಣುತ್ತಿತ್ತು. "ನಿಮ್ಮ ಧರ್ಮ ನನಗ ಗೊತ್ತೈತಿ. ಬಲವಂತ ಮಾಡಂಗಿಲ್ಲ. ವಿಚಾರ ಮಾಡಿ ಹೇಳ್ರಿ. ಆದ್ರ ಲಗೂನ ಹೇಳ್ರಿ."

ಮಹಾಂತಪ್ಪ ನಮ್ಮನ್ನು ಇಳಿಸಿ, ಅಂಗಡಿ ನೋಡಿಕೊಳ್ಳಲು ಆಗಲೇ ಮಸ್ಕಿಗೆ ತಿರುಗಿದ್ದ. ನಿರ್ಧಾರ ನಿನ್ನದೊಬ್ಬಳದೇ ಆಯಿತು. ನೀನು ಬಹಳ ಹೊತ್ತು ಕೂಸಿನ ಕಡೆಗೇ ನೋಡುತ್ತ ಮಲಗಿದ್ದೆ. ಕೊನೆಗೆ ಹೇಳಿದೆ:

"ಅಕ್ಕಾ, ನಾ ಕುಡೀತೀನಿ. ಇದರ ಮುಖ ನೋಡಿದ್ರ ಸಾಯಾಕ ಮನಸಾಗವಲ್ದು."

ಎದ್ದು ಕೂತು, ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡು ಬಿಚ್ಚಿದೆ. "ಇದು ನಿನ್ನ ಹತ್ರ ಇರಲಿ. ಪೂಜಿ ತಪ್ಪಿಸಬ್ಯಾಡ. ಆರಾಮಾದ ಮ್ಯಾಲ ಅಯ್ಯನೋರ ಹತ್ರ ಪ್ರಾಯಶ್ಚಿತ್ತ ತಗೊಂಡು ಮತ್ತ ಕಟ್ಕೋತೀನಿ. ನಮ್ಮ ಮನಿಯವರಿಗೆ ಮಾತ್ರ ಈಗ ಹೇಳಬ್ಯಾಡ. ನೀನ ಕುಡಿಸು ಅಕ್ಕಾ, ಬ್ಯಾರೇರ ಕೈಲಿಂದ ಬ್ಯಾಡ."

"ನಾ ಕುಡಸ್ತೀನಿ" ಎಂದೆ. ಆ ಗಳಿಗೆಯಲ್ಲಿ ನಿಜವಾಗಿಯೇ ಹಾಗೆ ಅಂದುಕೊಂಡಿದ್ದೆ.

ರಸ ಮಾಡುತ್ತಿದ್ದವಳು ದವಾಖಾನೆಯ ಆಯಾ ಖಾಸಿಂಬಿ. ಬೆಳಿಗ್ಗೆ ಕಟುಕರ ಓಣಿಗೆ ತಾನೇ ಹೋಗಿ ತಾಜಾ ಕಲೇಜಿ ತರುತ್ತಿದ್ದಳು. ಹಿತ್ತಾಳೆಯ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ, ಪಡಸಾಲೆಯ ಕಂಬದ ಹತ್ತಿರ ಇಟ್ಟು ದೂರ ಸರಿದು ನಿಲ್ಲುತ್ತಿದ್ದಳು — ನನಗೆ ಮುಟ್ಟಿಸಬಾರದೆಂದು. ಮೊದಲ ದಿನ ಹೇಳಿದಳು: "ಬಿಸಿ ಐತಿ ಅಮ್ಮಾ, ಜ್ವಾಕಿ. ಖಾರ ಒಂಚೂರೂ ಹಾಕಿಲ್ಲ. ಆ ತಾಯಿ ನಾಲಿಗಿ ಹುಣ್ಣಾಗೈತಿ ಅಲ್ಲೇನ್ರಿ."

ಬಟ್ಟಲನ್ನು ಸೆರಗಿನಿಂದ ಹಿಡಿದು ನಾಲ್ಕು ಹೆಜ್ಜೆ ಬಂದೆ. ತಟ್ಟೆ ಸರಿಸಿದೆ. ಆ ವಾಸನೆ ಮೂಗಿಗೆ ಹೊಡೆಯಿತು. ಮುಖ ತಿರುಗಿಸಿದೆ. ಪರದೆಯ ಕಡೆಗೆ ಹೋಗಬೇಕಾದ ಕಾಲು ಹಿತ್ತಿಲಿನ ಕಡೆಗೆ ಹೋಯಿತು. ಗೋಡೆಯ ಬುಡದಲ್ಲಿ ಒಂದು ಕಂದು ನಾಯಿ ಮಲಗಿರುತ್ತಿತ್ತು. ಅದರ ಮುಂದೆ ಸುರಿದೆ.

ಮೊದಲ ದಿನದ್ದು ಅಸಹ್ಯ ಎಂದರೆ ನೀನು ನಂಬಬಹುದು. ಅದು ಅಷ್ಟೇ ಆಗಿತ್ತು. ಆದರೆ ಬರಿಗೈಲಿ ನಿನ್ನ ಮುಂದೆ ಹೇಗೆ ಹೋಗಲಿ? ರೋಗಿಯ ಕಡೆಯವರು ಅಡಿಗೆ ಮಾಡಿಕೊಳ್ಳಲೆಂದು ಆವರಣದಲ್ಲಿ ಬೇವಿನ ಮರದ ಕೆಳಗೆ ಕಲ್ಲಿನ ಒಲೆಗಳಿದ್ದವು. ನನ್ನ ಒಲೆಯ ಮೇಲೆ ಹುರುಳಿ ಬೆಂದಿತ್ತು. ಕಟ್ಟು ಬಸಿದೆ. ಕಂದು ಬಣ್ಣ, ಅದೇ ಮಂದ. ಹುರುಳಿಯ ವಾಸನೆ ನಿನಗೆ ತಿಳಿಯದಿರಲೆಂದು ಮೆಣಸು ಕುಟ್ಟಿ ಹಾಕಿದೆ. ಮಾಂಸದ ಕೊಬ್ಬಿನಂತೆ ಕಾಣಲೆಂದು ತುಪ್ಪ ಬಿಟ್ಟೆ. ನೋಡು, ಅಸಹ್ಯದಲ್ಲಿ ಮಾಡಿದ ಕೆಲಸವೆಂದೆ. ಅಸಹ್ಯಕ್ಕೆ ಇಷ್ಟು ಜಾಣತನ ಇರುತ್ತದೆಯೇ?

ನೀನು ಕಣ್ಣು ಮುಚ್ಚಿ, ಮೂಗು ಹಿಡಿದು ಕುಡಿದೆ. ಹುಟ್ಟಿದಾಗಿನಿಂದ ಉಂಡ ಹುರುಳಿ ಕಟ್ಟನ್ನು ಕುಡಿದು, ಮಾಂಸವೆಂದು ಹೇಸಿ, ಅರ್ಧ ವಾಂತಿ ಮಾಡಿಕೊಂಡೆ. ಮೆಣಸಿಗೆ ಸುಲಿದ ನಾಲಿಗೆ ಉರಿದು, ಕಣ್ಣೀರು ಕೆನ್ನೆಯ ಮೇಲಿಳಿಯಿತು. "ಉರೀತೈತಿ ಅಕ್ಕಾ. ಶಿವ ಶಿಕ್ಷಾ ಕೊಡಾಕತ್ಯಾನ" ಎಂದೆ. ಆದರೂ ಬಟ್ಟಲಿಗೆ ಮತ್ತೆ ಕೈ ಚಾಚಿದೆ. ಉಳಿದದ್ದನ್ನೂ ಕುಡಿದೆ. ಬದುಕಬೇಕೆಂದು ಕುಡಿದೆ.

ಮರುದಿನವೂ ಹಾಗೇ ಮಾಡಿದೆ. ಅದರ ಮರುದಿನವೂ. ಆಮೇಲಾಮೇಲೆ ಬಟ್ಟಲು ಹಿಡಿದರೆ ಮುಖ ತಿರುಗಿಸುತ್ತಿರಲಿಲ್ಲ. ವಾಸನೆ ರೂಢಿಯಾಗಿತ್ತು. ಅಂದರೆ ಮೊದಲ ದಿನದ ನೆಪ ಸವೆದು ಹೋಗಿತ್ತು. ಆದರೂ ಕಾಲು ಹಿತ್ತಿಲಿಗೇ ನಡೆಯುತ್ತಿತ್ತು. ನಿನ್ನ ಧರ್ಮ ಉಳಿಸುತ್ತಿದ್ದೇನೆ, ನಿನ್ನ ಲಿಂಗಕ್ಕೆ ಪೂಜೆ ನಡೆಸುತ್ತಿದ್ದೇನೆ, ನೀನು ತಿಳಿಯದೆ ಶುದ್ಧಳಾಗಿಯೇ ಇದ್ದೀಯೆ — ಹೀಗೆಲ್ಲ ಹೇಳಿಕೊಂಡೆ. ನಿನ್ನ ಪರವಾಗಿ ಪುಣ್ಯ ಕಟ್ಟಿಕೊಳ್ಳುತ್ತಿರುವವಳಂತೆ ಎರಡು ಲಿಂಗಗಳ ಮುಂದೆ ಕೂತು ಊದಿನಕಡ್ಡಿ ಹಚ್ಚುತ್ತಿದ್ದೆ.

ಆದರೆ ಗೌರಿ, ಇನ್ನೊಂದಿತ್ತು. ಕೂಸಿತ್ತು. ಖಾಸಿಂಬಿ ತಂದ ಆಡಿನ ಹಾಲನ್ನು ಒಳಲೆಯಲ್ಲಿ ಹಾಕಿ ನಾನು ಕುಡಿಸುತ್ತಿದ್ದೆ. ಅದು ನನ್ನ ಸೆರಗು ಹಿಡಿದೇ ಮಲಗುತ್ತಿತ್ತು. ನಿನ್ನ ಪಕ್ಕದಲ್ಲಿ ಹಾಕಿದರೆ ಅಳುತ್ತಿತ್ತು, ನನ್ನ ದನಿ ಕೇಳಿದರೆ ಸುಮ್ಮನಾಗುತ್ತಿತ್ತು. ಒಂದು ಮಧ್ಯಾಹ್ನ ನೀನು ಅದನ್ನು ನೋಡುತ್ತ ಹೇಳಿದೆ: "ನಾ ಆರಾಮಾಗಿ ಊರಿಗೆ ಹೋದ ಮ್ಯಾಲ ನೀ ದಣಿಯೋದು ಬ್ಯಾಡ ಅಕ್ಕಾ. ಇದನ್ನ ನಾನ ನೋಡ್ಕೋತೀನಿ." ನನ್ನ ಶ್ರಮ ಕಡಿಮೆ ಮಾಡಲೆಂದೇ ಅಂದ ಮಾತು. ಅದು ನನ್ನ ಎದೆಯಲ್ಲಿ ಬೇರೆ ಎಲ್ಲೋ ಹೋಗಿ ಬಿತ್ತು. ನೀನು ಸಾಯಲಿ ಎಂದು ನಾನು ಬಯಸಲಿಲ್ಲ. ಇದನ್ನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಆದರೆ ಬೇಗ ಎದ್ದು ಕೂರಲಿ ಎಂದು — ಹಾಗೆ ಬಯಸಿದೆನೇ? ಆ ದಿನ ಸಂಜೆಯೂ ನಾಯಿಗೆ ಸುರಿದೆ. ಅಂದು ಒಳಗೆ ಯಾವ ಧರ್ಮದ ಮಾತೂ ಹೇಳಿಕೊಳ್ಳಲಿಲ್ಲ. ಇಷ್ಟು ಮಾತ್ರ ನನಗೆ ಗೊತ್ತು.

ನಿನ್ನ ಮಂಚದಾಚೆ ವಳಕಮದಿನ್ನಿಯ ಕೂಲಿ ಹೆಂಗಸು ಹನುಮವ್ವ ಇದ್ದಳು. ಅವಳದೂ ಇದೇ ರೋಗ, ಇದೇ ಬಿಳುಪು. ಅವಳಿಗೂ ಅದೇ ಗಡಿಗೆಯ ರಸ. ನಮ್ಮ ಕಣ್ಣೆದುರೇ ಅವಳ ತುಟಿಗೆ ಬಣ್ಣ ಬಂತು. ಗೋಡೆ ಹಿಡಿದು ನಡೆಯುತ್ತಿದ್ದವಳು ಕೈಬಿಟ್ಟು ನಡೆದಳು. ಆಮೇಲೆ ಅಂಗಳ ಗುಡಿಸಲು ಖಾಸಿಂಬಿಯ ಜೊತೆ ಕೈಜೋಡಿಸಿದಳು. ಊರಿಗೆ ಹೊರಡುವ ದಿನ ನಿನ್ನ ಪರದೆಯ ಹೊರಗೆ ನಿಂತು, "ನನಗ ಹತ್ತಿದ್ದು ನಿಮಗ್ಯಾಕ ಹತ್ತವಲ್ದು ಎಕ್ಕಾರ?" ಎಂದು ಮರುಗಿದಳು.

ಅವಳು ಹೋದ ಮೇಲೆ ನೀನು ಗೋಡೆಗೆ ಮುಖ ಮಾಡಿ ಮಲಗಿದೆ. "ಆಕಿಗೆ ಅದು ಊಟ ಅಕ್ಕಾ. ನನಗ ಪಾಪ. ಪಾಪದ ಕೂಳು ಮೈಗೆ ಹತ್ತಂಗಿಲ್ಲ" ಎಂದೆ.

ನಾನು ನಿನ್ನ ಬೆನ್ನ ಹಿಂದೆಯೇ ಕೂತಿದ್ದೆ. ಕೂಸು ತೊಡೆಯ ಮೇಲಿತ್ತು. ಒಂದೇ ಒಂದು ಮಾತು ಸಾಕಿತ್ತು — ಆಗಲಾದರೂ. ಆಡಲಿಲ್ಲ. ಕೂಸಿಗೆ ಜೋಗುಳ ಹಾಡಿದೆ.

ಡಾಕ್ಟರಿಗೆ ಇದು ಒಗಟಾಯಿತು. ರಸ ಹೆಚ್ಚಿಸಿದರು. ಖಾಸಿಂಬಿ ದೊಡ್ಡ ಬಟ್ಟಲು ತಂದಳು. ಒಂದು ಬೆಳಿಗ್ಗೆ ಡಾಕ್ಟರು ನನ್ನನ್ನು ಪಡಸಾಲೆಗೆ ಕರೆದು ಕೇಳಿದರು: "ಸಚ್ ಹೇಳ್ರಿ ಅಮ್ಮಾ. ಪೂರಾ ಕುಡೀತಾರೇನು? ಚೆಲ್ಲಿದ್ರೂ ಹೇಳ್ರಿ, ನಾ ಸಿಟ್ಟಾಗಂಗಿಲ್ಲ. ಬ್ಯಾರೆ ದಾರಿ ನೋಡೋಣ."

"ಪೂರಾ ಕುಡೀತಾಳ್ರಿ" ಎಂದೆ.

ಅವರು ನನ್ನ ಮುಖ ನೋಡಿದರು. ನಂಬಿದರು. ಯಾಕೆ ನಂಬಬಾರದು? ಹಗಲಿರುಳು ನಿನ್ನ ಕಾಲು ಒತ್ತುತ್ತ, ನಿನ್ನ ಕೂಸನ್ನು ಹೊತ್ತು ತಿರುಗುವ ಹಿರಿಯಳು ನಾನು. "ಹಂಗಾದ್ರ ಇದು ನಾ ತಿಳಕೊಂಡ ಬ್ಯಾಮಾರಿ ಅಲ್ಲ" ಎಂದು ತಲೆಯಾಡಿಸಿ ರಸ ನಿಲ್ಲಿಸಿದರು. ಏನೋ ಕಹಿ ಕಷಾಯ, ಏನೋ ಪುಡಿ ಬರೆದರು. ನಾನು ಕೊಟ್ಟ ಸುಳ್ಳಿನ ಮೇಲೆ ಆ ಮನುಷ್ಯ ತನ್ನ ತಿಳಿವಳಿಕೆಯನ್ನೇ ತಪ್ಪೆಂದು ಎಣಿಸಿದರು.

ಆಮೇಲೆ ಬಹಳ ದಿನ ಉಳಿಯಲಿಲ್ಲ ನೀನು. ಹೇಳಿಕಳಿಸಿದೆವು, ಮಹಾಂತಪ್ಪ ಬಂದ. ನಿನ್ನ ಬಾತ ಕೈಯನ್ನು ಹಿಡಿದು ಕೂತ. ನೀನು ಉಸಿರು ಕೂಡಿಸಿಕೊಂಡು ಅವನಿಗೆ ಹೇಳಿದೆ:

"ನಿಮ್ಮುಂದ ಮುಚ್ಚಿಟ್ಟು ಸಾಯಂಗಿಲ್ರಿ. ನಾ ಕಲೇಜಿ ರಸ ಕುಡಿದೀನಿ. ಲಿಂಗ ತಗದಿಟ್ಟು ಕುಡಿದೀನಿ. ನನ್ನ ಹಿರೇರ ಜೋಡಿ ಇಡಬ್ಯಾಡ್ರಿ."

ಅವನ ಕೈ ಸಡಿಲವಾಯಿತು. ಬಿಡಲಿಲ್ಲ, ಸಡಿಲವಾಯಿತು. ಅದು ನಿನಗೂ ತಿಳಿಯಿತು. ನೀನು ನನ್ನ ಕಡೆ ನೋಡಿದೆ — ನಿನಗಾಗಿ ನಾನೊಂದು ಮಾತು ಆಡಲಿ ಎಂದು, ಆಕೆ ಬದುಕಲೆಂದೇ ಕುಡಿದಳು ಎಂದಾದರೂ ಹೇಳಲಿ ಎಂದು. ನಾನು ಅಂದದ್ದು ಇಷ್ಟೇ: "ಈಗ ಮಾತಾಡಬ್ಯಾಡ ಗೌರಿ. ದಣೀತಿ."

ಮಾಡದ ಪಾಪವನ್ನು ಒಪ್ಪಿಕೊಂಡು ನೀನು ಕಣ್ಣು ಮುಚ್ಚಿದೆ. ಮಾಡಿದವಳು ನಿನ್ನ ಕಣ್ಣೆವೆ ಇಳಿಸಿದಳು.

ಮಸ್ಕಿಗೆ ತಂದೆವು. ಅಯ್ಯನವರು ಬಂದು, "ಲಿಂಗ ಎಲ್ಲಿ?" ಎಂದರು. ಗಂಟಿನಿಂದ ತೆಗೆದು ಕೊಟ್ಟೆ. ಮಹಾಂತಪ್ಪ ತಲೆ ತಗ್ಗಿಸಿ ನಿನ್ನ ಮಾತನ್ನು ಇದ್ದ ಹಾಗೇ ಹೇಳಿದ. ಅಂಗಳದಲ್ಲಿ ಸೇರಿದ್ದ ಜನರಲ್ಲಿ ಒಂದು ಗುಜುಗುಜು ಎದ್ದಿತು. ಅಯ್ಯನವರು ಲಿಂಗವನ್ನು ನಿನ್ನ ಕೊರಳಿಗೆ ಕಟ್ಟಲಿಲ್ಲ, ನೀರಿಗೆ ಬಿಡಿಸಿದರು. ಹೊಲದಲ್ಲಿ ಮನೆಯ ಹಿರಿಯರನ್ನು ಕೂರಿಸಿ ಮಣ್ಣು ಮಾಡಿದ ಸಾಲಿನಲ್ಲಿ ನಿನಗೆ ಜಾಗ ಸಿಗಲಿಲ್ಲ. ಹಳ್ಳದ ದಂಡೆಯಲ್ಲಿ, ವಿಭೂತಿಯಿಲ್ಲದೆ, ಮಂತ್ರವಿಲ್ಲದೆ, ಆಳುಗಳ ಕೈಯಿಂದ ಮುಚ್ಚಿಸಿದರು. ಅತ್ತೆ ಒಳಗೆ ಕೂತು, "ನನ್ನ ಮಾತು ಕೇಳಲಿಲ್ಲ" ಎಂದು ಅಳುತ್ತಿದ್ದರು. ನಾನು ಕೂಸನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಎಲ್ಲರೂ ನನ್ನನ್ನು ನೋಡಿ ಲೊಚಗುಟ್ಟಿದರು: ಪಾಪ, ಅಮರವ್ವ ಎಷ್ಟು ಮಾಡಿದಳು.

ಅಲ್ಲಿಗೂ ಮುಗಿಯಲಿಲ್ಲ. ಒಂಬತ್ತು ದಿನ ಕಳೆದ ಮೇಲೆ ಮಹಾಂತಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಲಿಂಗಸುಗೂರಿಗೆ ಹೋದ. ಸಾಕ್ಷಿಗೆಂದು ನನ್ನನ್ನೂ ಕರೆದೊಯ್ದ. ಡಾಕ್ಟರು ಬೇರೆ ಊರಿಗೆ ರೋಗಿ ನೋಡಲು ಹೋಗಿದ್ದರು. ಸಿಕ್ಕವಳು ಖಾಸಿಂಬಿ. "ನಮ್ಮ ಹೆಣ್ಮಗಳ ಕುಲ ಕೆಡಿಸಿದಿ" ಎಂದು ಅಂಗಳದಲ್ಲಿ ನಿಲ್ಲಿಸಿ ಬಾಯಿಗೆ ಬಂದಂತೆ ಬೈದರು. ಅವಳು ಅಳಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು:

"ನೀವ ಹೇಳ್ರಿ ಅಮ್ಮಾ. ಆ ತಾಯಿ ತಾನಾ ಒಪ್ಪಿ ಕುಡಿದ್ಲು ಅಲ್ಲೇನ್ರಿ? ನಾ ಬಲವಂತ ಮಾಡಿದ್ನೇನು?"

"ನನಗೇನೂ ಗೊತ್ತಿಲ್ಲ" ಎಂದೆ.

ಆಮೇಲೆ ಬಜಾರದ ನಾಲ್ಕು ಜನ ದೊಡ್ಡವರು ಸೇರಿ ಒತ್ತಾಯ ಮಾಡಿ ಅವಳನ್ನು ಆ ಕೆಲಸದಿಂದ ಬಿಡಿಸಿದರೆಂದು ಕೇಳಿದೆ. ಕೇಳಿ ಸುಮ್ಮನಿದ್ದೆ. ನಿನ್ನ ಕೂಸು ಬದುಕಿದ್ದು ಅವಳು ತಂದ ಹಾಲಿನಿಂದ.

ಮಹಾಂತಪ್ಪ ಬೇರೆ ಮದುವೆಯಾದ. ನಿನ್ನ ಮಗಳು ನೀಲಮ್ಮ ನನ್ನವಳಾದಳು. ಬಯಸಿದ್ದೆಲ್ಲ ಕೈಗೆ ಬಂತು ನೋಡು. ಅವಳ ಜಡೆ ಹೆಣೆದೆ, ಜ್ವರ ಬಂದಾಗ ಎಚ್ಚರ ಕೂತೆ, ‘ದೊಡ್ಡವ್ವ’ ಎಂದು ಕರೆದರೆ ಓಡಿ ಬಂದೆ. ಆ ಸುಖದ ಒಂದೊಂದು ತುತ್ತೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು ಎಂದರೆ ಸುಳ್ಳಾದೀತು. ಎಷ್ಟೋ ದಿನ ಸುಖವಾಗಿಯೇ ನುಂಗಿದೆ. ಮರೆತೂ ಇದ್ದೆ.

ಆದರೆ ಊರು ಮರೆಯಲಿಲ್ಲ. ಆಟದಲ್ಲಿ ಜಗಳವಾದರೆ ಹುಡುಗಿಯರು, "ನಿಮ್ಮವ್ವ ಕಲೇಜಿ ತಿಂದು ಸತ್ತಾಳ" ಎನ್ನುತ್ತಿದ್ದರು. ಅವಳು ಅಳುತ್ತ ಬಂದು, "ಖರೇ ಏನು ದೊಡ್ಡವ್ವ?" ಎಂದು ಕೇಳುತ್ತಿದ್ದಳು. "ಸತ್ತೋರ ಮಾತು ಆಡಬಾರದು" ಎನ್ನುತ್ತಿದ್ದೆ. ಒಳ್ಳೆಯ ಮನೆಗಳಿಂದ ಬಂದ ಸಂಬಂಧಗಳು ಈ ಮಾತು ಕಿವಿಗೆ ಬಿದ್ದೊಡನೆ ಹಿಂದೆ ಸರಿದವು. ಕೊನೆಗೆ ತುರ್ವಿಹಾಳದಲ್ಲಿ ಹೆಂಡತಿ ಸತ್ತ, ವಯಸ್ಸು ಮೀರಿದವನಿಗೆ ಕೊಟ್ಟೆವು. ಹಂದರದಲ್ಲಿ ಅವಳು ತಲೆ ಎತ್ತಲೇ ಇಲ್ಲ.

ಈ ವರ್ಷ ಚೊಚ್ಚಲ ಬಸುರಿಗೆ ತವರಿಗೆ ಬಂದಳು. ಗಾಡಿಯಿಂದ ಇಳಿದಾಗಲೇ ನೋಡಿದೆ. ಆ ಬಿಳುಪು. ಆ ಬಾತ ಪಾದ. ಊಟಕ್ಕೆ ಕೂತು, ಸಾರು ನಾಲಿಗೆಗೆ ತಾಗಿದ್ದೇ ಮುಖ ಕಿವುಚಿದಳು. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

ನಾನೇ ಹಟ ಹಿಡಿದು ಲಿಂಗಸುಗೂರಿಗೆ ಕರೆದುಕೊಂಡು ಹೋದೆ. ಮಹಾಂತಪ್ಪನೂ ಬಂದ. ದವಾಖಾನೆಯಲ್ಲಿ ಈಗ ಬೇರೆ ಡಾಕ್ಟರು. ಅವರೂ ರೆಪ್ಪೆ ಎಳೆದು ನೋಡಿ, ಅದನ್ನೇ ಹೇಳಿದರು. ಇದರ ಸೂಜಿಮದ್ದು ದೊಡ್ಡ ಊರುಗಳಲ್ಲಿ ಬಂದಿದೆ, ಮಹಾಯುದ್ಧ ಮುಗಿದರೂ ಇಲ್ಲಿಗೆ ಇನ್ನೂ ಸರಿಯಾಗಿ ಬರುತ್ತಿಲ್ಲ, ಅಲ್ಲಿಯವರೆಗೆ ಕಲೇಜಿಯ ರಸವೇ ಗತಿ ಎಂದರು. ನರ್ಸು ಬಟ್ಟಲು ತಂದು ಮಂಚದ ಪಕ್ಕದಲ್ಲಿಟ್ಟಳು.

ನೀಲಾ ಅದನ್ನು ನೋಡಿ ಮುಖ ತಿರುಗಿಸಿದಳು. "ನಮ್ಮವ್ವ ಅದನ್ನ ಕುಡಿದ ಸತ್ಲು. ಲಿಂಗಾನೂ ಕಳಕೊಂಡ್ಲು, ಜೀವಾನೂ ಕಳಕೊಂಡ್ಲು. ನಾ ಕುಡ್ಯಾಂಗಿಲ್ಲ. ಸತ್ರ ನನ್ನ ಕೊರಳಾಗ ಲಿಂಗ ಇದ್ದ ಸಾಯ್ತೀನಿ."

ಡಾಕ್ಟರು ತಿಳಿಹೇಳಿದರು. ನರ್ಸು ಬೇಡಿಕೊಂಡಳು. ಮಹಾಂತಪ್ಪ ಬಾಗಿಲ ಹತ್ತಿರ ಕಲ್ಲಿನಂತೆ ನಿಂತಿದ್ದ. ಬೇಡವೆನ್ನಲೂ ಬಾಯಿಲ್ಲ, ಕುಡಿ ಎನ್ನಲೂ ಬಾಯಿಲ್ಲ. ನನ್ನ ಸುಳ್ಳು ನಿನ್ನನ್ನು ತಿಂದು ಸಾಲದೆ ನಿನ್ನ ಮಗಳ ಮಂಚದ ಮೇಲೆ ಬಂದು ಕೂತಿತ್ತು. ಹೊಟ್ಟೆಯಲ್ಲಿ ಇನ್ನೊಂದು ಜೀವ.

"ನಿಮ್ಮವ್ವ ಕುಡಿದಿಲ್ಲ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. "ಕುಡೀತೀನಿ ಅಂದ್ಲು. ನಾ ಕೊಡಲಿಲ್ಲ. ಹುರುಳಿ ಕಟ್ಟು ಕುಡಿಸಿದೆ. ಆ ರಸ ನಾಯಿಗೆ ಹಾಕಿದೆ. ಕುಡಿದಿದ್ರ ಉಳೀತಿದ್ಲು. ಬಾಜೂಕಿನ ಮಂಚದಾಕಿ ಕುಡಿದು ಉಳಿದು ನಡಕೊಂಡು ಮನಿಗೆ ಹೋದ್ಲು." ಮೆಣಸು ಹಾಕಿದ್ದನ್ನೂ ಹೇಳಿದೆ. ಡಾಕ್ಟರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಹೇಳಿದೆ. ಯಾಕೆ ಮಾಡಿದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ, "ನೀನು ಬೇಕಾಗಿದ್ದೆ" ಎಂದು ಹೇಳಿಬಿಡುತ್ತಿದ್ದೆನೋ ಏನೋ — ಆ ಭಾರವನ್ನೂ ಅವಳ ತಲೆಗೆ ಹಾಕುತ್ತಿದ್ದೆ. ಕೇಳದೆ ಉಳಿಸಿದಳು.

ಮಹಾಂತಪ್ಪ ಬಾಗಿಲು ಬಿಟ್ಟು ಮಂಚದ ಹತ್ತಿರ ಬಂದ. "ನಾ ಆಕಿಗೆ ಒಂದು ಹಿಡಿ ಮಣ್ಣು ಸುದ್ದಾ ಹಾಕಲಿಲ್ಲ" ಎಂದ. ನನಗಲ್ಲ ಹೇಳಿದ್ದು. ನನ್ನ ಕಡೆ ಅವನು ನೋಡಲೂ ಇಲ್ಲ.

ನಾನು ಬಟ್ಟಲು ಎತ್ತಿಕೊಂಡೆ. ಕುಡಿಸಬೇಕೆಂದು. ಇಷ್ಟು ವರ್ಷದ ಮೇಲಾದರೂ — ನನ್ನ ಕೈಯಾರೆ ಒಮ್ಮೆ...

"ಇಡು ಅಲ್ಲಿ" ಎಂದಳು ನೀಲಾ. ದನಿ ಏರಿಸಲಿಲ್ಲ. "ನಿನ್ನ ಕೈಲಿಂದ ಬ್ಯಾಡ ದೊಡ್ಡವ್ವ. ನೀ ಹೊರಗ ಕುಂದ್ರು. ಅಪ್ಪಾ, ನೀ ಹಿಡಿ."

ನಾನು ಹೊರಗೆ ಹೋಗಿ ಪಡಸಾಲೆಯಲ್ಲಿ ಕೂತೆ. ಕಿಟಕಿಯಿಂದ ಕಂಡಿತು: ಮಹಾಂತಪ್ಪ ಎರಡೂ ಕೈಯಲ್ಲಿ ಬಟ್ಟಲು ಹಿಡಿದಿದ್ದ. ಅವಳು ಕಣ್ಣು ಮುಚ್ಚಲಿಲ್ಲ, ಮೂಗು ಹಿಡಿಯಲಿಲ್ಲ. ತಂದೆಯ ಮುಖ ನೋಡುತ್ತ ಕುಡಿದಳು. ಲಿಂಗ ಕೊರಳಲ್ಲೇ ಇತ್ತು.

ಅವಳು ಉಳಿದಳು ಗೌರಿ. ನಾಲಿಗೆ ಮಾಯಿತು, ತುಟಿಗೆ ಬಣ್ಣ ಬಂತು, ಗಂಡು ಕೂಸನ್ನು ಹೆತ್ತಳು. ನನಗೆ ತೋರಿಸಿಲ್ಲ. ತೋರಿಸು ಎಂದು ನಾನು ಕೇಳಿಲ್ಲ. ಖಾಸಿಂಬಿಯನ್ನು ಹುಡುಕಿಕೊಂಡು ಹೋದೆ. ಅವಳು ಊರು ಬಿಟ್ಟು ಬಹಳ ವರ್ಷವಾಯಿತು, ಎಲ್ಲಿದ್ದಾಳೋ ಗೊತ್ತಿಲ್ಲ ಎಂದರು. ಅವಳಿಗೆ ಹೇಳಬೇಕಾದ ಮಾತು ನನ್ನಲ್ಲೇ ಉಳಿದಿದೆ, ಉಳಿಯುತ್ತದೆ.

ಊರಿನಲ್ಲಿ ನಾನೇ ಹೇಳಿದೆ. ಮಠದ ಕಟ್ಟೆಯ ಮೇಲೆ ಜನ ಕೂತಿದ್ದಾಗ ಹೋಗಿ ನಿಂತು ಹೇಳಿದೆ. ಉಗುಳುತ್ತಾರೆ ಎಂದುಕೊಂಡಿದ್ದೆ. ಉಗುಳಿದ್ದರೆ ಒಳ್ಳೆಯದಿತ್ತು. ಅವರ ಮುಖ ಅರಳಿತು. ಅಯ್ಯನವರು ಈಗ ಮುದುಕರು, ಕಣ್ಣು ಮಂದ. "ಹಂಗಾದ್ರ ಗೌರಮ್ಮ ಶುದ್ಧ ಇದ್ಲು. ದೊಡ್ಡ ಸಮಾಧಾನ ಆತು" ಎಂದರು. ಹಳ್ಳದ ದಂಡೆಗೆ ಜನ ಕರೆದುಕೊಂಡು ಹೋಗಿ ನೀರು ಹೊಯ್ದು, ವಿಭೂತಿ ಇಟ್ಟು, ಪತ್ರಿ ಏರಿಸಿದರು. ಮಹಾಂತಪ್ಪ ಕಲ್ಲು ನಿಲ್ಲಿಸಿದ. ಹೆಂಗಸರು ನಿನ್ನ ಹೆಸರು ಹೇಳಿ ಕೈಮುಗಿದರು. ಧರ್ಮ ಉಳಿಯಿತು, ಮನೆತನದ ಕಳಂಕ ಹೋಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಒಬ್ಬಿಬ್ಬರು ನನ್ನ ಹತ್ತಿರ ಬಂದು, ತಪ್ಪೇ ಆದರೂ ಕೊನೆಗೆ ಒಳ್ಳೆಯದೇ ಮಾಡಿದಿ ಎಂದೂ ಅಂದರು.

ನಾನು ದೂರದಲ್ಲಿ ನಿಂತಿದ್ದೆ. ತಡೆಯಲಾರದೆ ಹೇಳಿದೆ: "ಕುಡಿದಿದ್ರ ಉಳೀತಿದ್ಲು, ಅಯ್ಯನೋರ."

"ಆ ಮಾತು ಈಗ್ಯಾಕ ತಾಯಿ" ಎಂದರು.

ಅವರಿಗೆ ನೀನು ಕುಡಿಯಲಿಲ್ಲ ಎಂಬುದೇ ಸಂತೋಷ. ನೀನು ಬದುಕಬೇಕೆಂದು ಬಟ್ಟಲಿಗೆ ಎರಡನೆಯ ಸಲ ಕೈ ಚಾಚಿದ್ದು ಯಾರಿಗೂ ಬೇಡ. ಅದನ್ನು ಕಂಡವಳು ನಾನೊಬ್ಬಳೇ. ಯಾರು ಸಿಕ್ಕರೂ, ಯಾರಿಗೆ ಬೇಡವಾದರೂ, ಇನ್ನು ಅದನ್ನೇ ಹೇಳುತ್ತೇನೆ: ಗೌರಿ ಶುದ್ಧಳೆಂದಲ್ಲ, ಗೌರಿಗೆ ಬದುಕಲು ಮನಸ್ಸಿತ್ತು ಎಂದು. ಒಪ್ಪಿ, ಕಣ್ಣೀರಿಟ್ಟು, ಕೈ ಚಾಚಿದ್ದಳು ಎಂದು. ಆ ರಸ ಅವಳದಾಗಿತ್ತು, ನಾನು ಕೊಡಲಿಲ್ಲ ಎಂದು.